ಪಟ್ಟಿ ಬೇಡ, ಎರಡು ಪದ ಸಾಕು

ನಮಸ್ಕಾರ.

ಚೀನಾದ ಇಂಟರ್ನೆಟ್ ಮಾತುಗಳನ್ನು ಇಂಗ್ಲಿಷಿಗೆ ತರುವವರ ಪಾಡಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸುತ್ತಿಬಳಸಿ ಹೇಳುವುದಿಲ್ಲ, ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ಬುಟ್ಟಿಗೆ ಹಾಕುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಮಾಡಿರುವುದು ಪದಗಳ ಪಟ್ಟಿ. ಒಂದು ಪದ, ಅದರ ಇಂಗ್ಲಿಷ್, ಒಂದು ಸಾಲಿನ ವಿವರಣೆ, ಮತ್ತೆ ಮುಂದಿನ ಪದ. ಇಷ್ಟನ್ನು ಯಾರಾದರೂ ಮೊಬೈಲಿನಲ್ಲೇ ಹುಡುಕಿಕೊಳ್ಳಬಹುದು, ಅಲ್ವಾ? 'ತಾಂಗ್‌ಪಿಂಗ್' ಅಂದರೆ 'ಲೈಯಿಂಗ್ ಫ್ಲಾಟ್' ಎಂದು ಬರೆದು ಮುಂದೆ ಹೋಗಿದ್ದೀರಿ. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿಸುವ '996' ಎಲ್ಲೋ ಎರಡು ಪುಟ ಆಚೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 2021ರಲ್ಲಿ ಚೀನಾದ ಹುಡುಗರು 'ನಾನು ಮಲಗಿಬಿಟ್ಟೆ' ಎಂದದ್ದು ಸೋಮಾರಿತನಕ್ಕಲ್ಲ, ರೋಸಿಹೋಗಿ. ಇಂಗ್ಲಿಷಿನಲ್ಲಿ ಆ ಸಿಟ್ಟು ಬಿದ್ದುಹೋಗಿ ಬರೀ ಮಲಗುವುದು ಉಳಿದಿದೆ. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ.

ಇನ್ನು 'ನೇಯ್‌ಜ್ವೆನ್'. ಇದನ್ನು ನೀವು 'ಇನ್ವಲ್ಯೂಷನ್' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ನನಗೆ ನಿಜಕ್ಕೂ ಬೇಜಾರಾಯಿತು. ನಿಮ್ಮ ಕೈಯಲ್ಲಿದ್ದ ಒಳ್ಳೆಯ ಕಥೆಯೇ ಅದು. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1963ರಲ್ಲಿ ಜಾವಾದ ಭತ್ತದ ಗದ್ದೆಗಳ ಬಗ್ಗೆ ಬರೆಯುತ್ತಾ ಈ ಇಂಗ್ಲಿಷ್ ಪದವನ್ನು ಬಳಸಿದರು. ಅದೇ ಗದ್ದೆಗೆ ಹೆಚ್ಚುಹೆಚ್ಚು ಜನ ಇಳಿಯುತ್ತಾರೆ, ಬೆವರು ಜಾಸ್ತಿಯಾಗುತ್ತದೆ, ತಲೆಗೆ ಸಿಗುವ ಪಾಲು ಮಾತ್ರ ಏರುವುದಿಲ್ಲ. ಚೀನಾದ ವಿದ್ವಾಂಸರು ಅದನ್ನು ತಮ್ಮ ಭಾಷೆಗೆ ತಂದರು. ಬಹಳ ವರ್ಷ ಅದು ಪುಸ್ತಕದೊಳಗೇ ಇತ್ತು. 2020ರಲ್ಲಿ ಬೀಜಿಂಗಿನ ಛಿಂಗ್‌ಹ್ವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಸೈಕಲ್ ತುಳಿಯುತ್ತಲೇ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದ ದೃಶ್ಯ ಎಲ್ಲೆಡೆ ಹರಿದಾಡಿತು. ಎಷ್ಟು ಪೈಪೋಟಿಗೆ ಬಿದ್ದು ದುಡಿದರೂ ಮುಂದೆ ಹೋಗಲಾಗದ ಪಾಡಿಗೆ ಹೆಸರಾಗಿ ಪದವೂ ಬೀದಿಗೆ ಬಂತು. ಇಂಗ್ಲಿಷ್ ಪತ್ರಕರ್ತರು ಅದನ್ನು ಮತ್ತೆ 'ಇನ್ವಲ್ಯೂಷನ್' ಎಂದೇ ಬರೆದರು. ಊರು ಬಿಟ್ಟು ಹೋದವನು ವಾಪಸ್ ಬಂದಾಗ ಮನೆಯವರೇ ಗುರುತು ಹಿಡಿಯದ ಹಾಗಾಯಿತು. ಅನುವಾದ ಸರಿಯಾಗಿಯೇ ಇದೆ, ಸಾಮಾನ್ಯ ಓದುಗನಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಇದರ ಮೇಲೆ ಒಂದು ಪುಟ ಬರೆದರೂ ನಾನು ಕತ್ತರಿ ಹಾಕುವುದಿಲ್ಲ.

'ಮಿ ತು' ಭಾಗ ಚೆನ್ನಾಗಿದೆ. ಮುಟ್ಟಬೇಡಿ. 2018ರಲ್ಲಿ 'ಮೀ ಟೂ' ಬರಹಗಳನ್ನು ಸೆನ್ಸಾರ್ ಅಳಿಸುತ್ತಿದ್ದಾಗ ಜನ ಅಕ್ಕಿ (ಚೀನೀಯಲ್ಲಿ 'ಮಿ') ಮತ್ತು ಮೊಲದ ('ತು') ಚಿತ್ರ ಹಾಕಿ ತಪ್ಪಿಸಿಕೊಂಡದ್ದನ್ನು ಸರಳವಾಗಿ ಹೇಳಿದ್ದೀರಿ. ಒಂದು ಪ್ರಶ್ನೆ ಸೇರಿಸಿ. 'ರೈಸ್ ಬನ್ನಿ' ಎಂದು ಅನುವಾದಿಸಿದರೆ ಅರ್ಥ ಸಿಗುತ್ತದೆ, ಉಚ್ಚಾರ ಹೋಗುತ್ತದೆ. ಆ ಗುಟ್ಟು ಇದ್ದದ್ದೇ ಉಚ್ಚಾರದಲ್ಲಿ. ಅನುವಾದಕ ಯಾವುದನ್ನು ಬಿಡಬೇಕು?

'666' ಬಗ್ಗೆ ನೀವು ಬರೆದದ್ದು ಸಾಲದು. ಚೀನಾದ ಗೇಮ್ ಆಡುವವರಿಗೆ ಅದು ಶಭಾಷ್, ಬೈಬಲ್ ಓದಿದವರಿಗೆ ಸೈತಾನನ ಸಂಖ್ಯೆ. ಇಷ್ಟು ಹೇಳಿದರೆ ಓದುಗ ತಾನೇ ನಗುತ್ತಾನೆ. ನಗುವಿನ ಇಮೋಜಿ ಬೇಡ.

'ಅನುವಾದ ಸಾಧ್ಯವೇ ಇಲ್ಲ' ಎಂಬ ಮಾತು ಪುಟಕ್ಕೊಂದು ಸಲ ಬರುತ್ತದೆ. ಎಲ್ಲಾ ಕಡೆ ತೆಗೆಯಿರಿ. 'ಆಡ್ ಆಯಿಲ್' ಮರೆತಿರಾ? ಹುರಿದುಂಬಿಸಲು ಹೇಳುವ 'ಜ್ಯಾಯೌ'ವನ್ನು ಹಾಂಗ್‌ಕಾಂಗ್ ಜನ ಪದಕ್ಕೆ ಪದ ಇಟ್ಟು ಇಂಗ್ಲಿಷ್ ಮಾಡಿಕೊಂಡರು. ಅದು 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿತು. ಅಂದಮೇಲೆ ಸಾಧ್ಯವಿಲ್ಲ ಅಂತ ಹೇಗೆ ಹೇಳುವುದು?

ಪಿನ್‌ಯಿನ್, ಅಂದರೆ ಚೀನೀ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿಯ ಅಕ್ಷರಗಳನ್ನು ಇಂಗ್ಲಿಷಿನಂತೆ ಓದಿ ಕನ್ನಡಕ್ಕೆ ಇಳಿಸಿದ್ದೀರಿ. ಅಲ್ಲಿನ 'ಕ್ಯೂ' ಅಕ್ಷರಕ್ಕೆ 'ಛ'ಗೆ ಹತ್ತಿರದ ಉಚ್ಚಾರ. ಚೀನೀ ಬಲ್ಲವರಿಂದ ಒಮ್ಮೆ ಓದಿಸಿ.

ವಿಸ್ತಾರವಾಗಿ ಬರೆಯಲು ಎರಡು ಪದ, ಜಾಸ್ತಿ ಅಂದರೆ ಮೂರು ಇಟ್ಟುಕೊಳ್ಳಿ. 1,200 ಪದ ಮೀರಬೇಡಿ. ಶೀರ್ಷಿಕೆ ನಾವೇ ಕೊಡುತ್ತೇವೆ. ದೀಪಾವಳಿ ವಿಶೇಷಾಂಕದ ಗಡಿಬಿಡಿ ಮುಗಿದ ಮೇಲೆ ಕಳಿಸಿ, ಈಗ ಕಳಿಸಿದರೆ ನನ್ನ ಮೇಜಿನ ಮೇಲೆ ಸುಮ್ನೆ ಬಿದ್ದಿರುತ್ತದೆ.