ಉಲುವಾಟುವಿನ ಕೋತಿ, ಗಿರಿಯ ಕನ್ನಡಕ

ಗೆಳೆಯರ ಜೊತೆ ವಿದೇಶ ಸುತ್ತುವಾಗ ಆದ ಒಂದು ಸಣ್ಣ ಎಡವಟ್ಟು ಹೇಳಿ, ಆಮೇಲೆ ಅದನ್ನು ಹೇಗೆ ನಿಭಾಯಿಸಿದಿರಿ ಅಂತಲೂ ಹೇಳಿ ಎಂದು ಕೇಳಿದ್ದೀರಿ. ನಮ್ಮದು ಬಾಲಿಯಲ್ಲಿ ಆದದ್ದು. ಒಂದು ಕೋತಿ ನಮ್ಮ ಗೆಳೆಯನ ಕನ್ನಡಕ ಕಿತ್ತುಕೊಂಡಿತು.

ಇದರಲ್ಲೇನಿದೆ, ನಮ್ಮ ಚಾಮುಂಡಿ ಬೆಟ್ಟದಲ್ಲೂ ಕೋತಿ ಕಿತ್ತುಕೊಳ್ಳುತ್ತೆ ಅನ್ನಬೇಡಿ. ನಮ್ಮ ಕೋತಿಗೆ ಬೇಕಾದದ್ದು ನಿಮ್ಮ ಕೈಯಲ್ಲಿರೋ ಬಾಳೆಹಣ್ಣು, ಪುರಿ ಪೊಟ್ಟಣ. ಕಿತ್ತುಕೊಂಡು ಮರ ಹತ್ತಿದರೆ ಅಲ್ಲಿಗೆ ಮುಗೀತು. ಬಾಲಿಯ ಉಲುವಾಟುವಿನ ಕೋತಿ ಬೇರೆ ಜಾತಿಯದು. ತಿನ್ನೋಕೆ ಬರದ ವಸ್ತು ಕದ್ದು, ನಿಮ್ಮ ಎದುರಿಗೇ ಕೂತು ಚೌಕಾಸಿ ಮಾಡುತ್ತೆ.

ನಾವು ನಾಲ್ವರು ಮೈಸೂರಿನ ಕಾಲೇಜು ಗೆಳೆಯರು. ಗಿರಿ, ಸುಬ್ಬು, ರಫೀಕ್ ಮತ್ತು ನಾನು. ಹೆಸರುಗಳನ್ನು ಬದಲಾಯಿಸಿದ್ದೇನೆ, ಇಲ್ಲದಿದ್ದರೆ ಗಿರಿ ನನ್ನನ್ನು ಬಿಡೋದಿಲ್ಲ. ಅವನಿಗೆ ಮೈನಸ್ ಆರರ ಮೇಲೆ ಪವರ್. ಕನ್ನಡಕ ತೆಗೆದರೆ ಎದುರಿಗಿರೋದು ಮನುಷ್ಯನಾ ಕಂಬನಾ ಅಂತ ಕೇಳುವ ಸ್ಥಿತಿ. ಟ್ರಿಪ್ಪಿನ ಲೆಕ್ಕಪತ್ರ, ಹೋಟೆಲ್ ಬುಕಿಂಗ್, ಇನ್ಶೂರೆನ್ಸ್ ಎಲ್ಲಾ ಅವನದೇ. ನಾವು ಸುಮ್ನೆ ಹಿಂದೆ ಹೋಗುವವರು.

ಉಲುವಾಟು ದೇವಸ್ಥಾನ ಇರೋದು ದ್ವೀಪದ ದಕ್ಷಿಣ ತುದಿಯಲ್ಲಿ. ಸಮುದ್ರದಿಂದ ಸುಮಾರು 70 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆ, ಅದರ ಅಂಚಿಗೆ ಗುಡಿ. ಕೆಳಗೆ ಹಿಂದೂ ಮಹಾಸಾಗರ. 11ನೇ ಶತಮಾನದಲ್ಲಿ ಎಂಪು ಕುತುರಾನ್ ಎಂಬ ಋಷಿ ಇದನ್ನು ಕಟ್ಟಿಸಿದರು, ಮುಂದೆ ನಿರಾರ್ಥ ಎಂಬ ಇನ್ನೊಬ್ಬರು ಇಲ್ಲೇ ಮೋಕ್ಷ ಪಡೆದರು ಅಂತ ಅಲ್ಲಿಯವರು ನಂಬುತ್ತಾರೆ. ಒಳಗಿನ ಪ್ರಾಕಾರಕ್ಕೆ ಪೂಜೆಗೆ ಬಂದವರನ್ನು ಮಾತ್ರ ಬಿಡುತ್ತಾರೆ. ನಮ್ಮಂಥವರು ಸೊಂಟಕ್ಕೆ ಬಟ್ಟೆ ಪಟ್ಟಿ ಕಟ್ಟಿಕೊಂಡು ಬಂಡೆಯಂಚಿನ ದಾರಿಯಲ್ಲಿ ಓಡಾಡಬಹುದು. ಚಡ್ಡಿ ಹಾಕಿದ್ದರೆ ಮೇಲೊಂದು ಸರೋಂಗ್ ಕೊಡುತ್ತಾರೆ. ಸರೋಂಗ್ ಅಂದರೆ ಹೆಚ್ಚು ಕಮ್ಮಿ ನಮ್ಮ ಲುಂಗಿ. ರಫೀಕ್ ಮಾತ್ರ ಅದನ್ನು ಸರಿಯಾಗಿ ಉಟ್ಟ. ಉಳಿದವರದು ದಾರಿಯುದ್ದಕ್ಕೂ ಜಾರುತ್ತಿತ್ತು.

ಕಾರಿನ ಡ್ರೈವರ್ ಇಳಿಸುವಾಗಲೇ ಎಚ್ಚರಿಸಿದ್ದ. ಕನ್ನಡಕ, ಟೋಪಿ, ಫೋನು, ಕಿವಿಯೋಲೆ ಯಾವುದೂ ಕಾಣುವ ಹಾಗೆ ಇಟ್ಟುಕೊಳ್ಳಬೇಡಿ, "ಮಂಕಿ ವೆರಿ ನಾಟಿ" ಅಂದ. ನಾವು ಮೂವರೂ ಕೂಲಿಂಗ್ ಗ್ಲಾಸ್ ತೆಗೆದು ಬ್ಯಾಗಿಗೆ ಹಾಕಿದೆವು. ಗಿರಿ ಹಾಕಲಿಲ್ಲ. ಅವನ ವಾದದಲ್ಲೂ ಹುರುಳಿತ್ತು. "ಲೋ, 70 ಮೀಟರ್ ಬಂಡೆ ಮೇಲೆ ಕಣ್ಣು ಕಾಣದೆ ನಡೀಲಾ?" ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವನೇ "ಹೋಗ್ರೋ, ಮೈಸೂರಲ್ಲಿ ನೋಡದ ಕೋತಿನಾ?" ಅಂತ ಸೇರಿಸಿದ. ಆ ಎರಡನೇ ಮಾತು ಬೇಕಿರಲಿಲ್ಲ.

ಸುಬ್ಬು ಫೋಟೋ ತೆಗೆಯಲು ನಿಂತಿದ್ದ. ನಮ್ಮ ಬೆನ್ನ ಹಿಂದೆ ಕುಳ್ಳ ಗೋಡೆ, ಅದರಾಚೆ ಸಮುದ್ರ. ಆ ಗೋಡೆಯ ಹಿಂದಿನಿಂದ ಅದು ಯಾವಾಗ ಬಂತೋ ಗೊತ್ತಿಲ್ಲ. ಗಿರಿಯ ಹೆಗಲ ಮೇಲೆ ಒಂದು ಕಾಲು ಇಟ್ಟದ್ದಷ್ಟೇ ಕಂಡಿತು. ಮುಂದಿನ ಕ್ಷಣ ಕನ್ನಡಕ ಅದರ ಕೈಯಲ್ಲಿ. ಗಿರಿ "ಏಯ್!" ಅಂತ ಸಮುದ್ರದ ಕಡೆ ತಿರುಗಿ ಕೂಗಿದ. ಕೋತಿ ಆಗಲೇ ಇನ್ನೊಂದು ಕಡೆ ಹೋಗಿತ್ತು, ಪಾಪ ಅವನಿಗೆ ಕಾಣಲಿಲ್ಲ.

ಅದು ಓಡಿಹೋಗಲಿಲ್ಲ. ನಾವು ಕೈ ಚಾಚಿದರೆ ಒಂದು ಗೇಣು ಸಾಲದು, ಅಷ್ಟು ದೂರದಲ್ಲಿ ಗೋಡೆ ಮೇಲೆ ಕೂತಿತು. ಕನ್ನಡಕದ ಕಡ್ಡಿಯನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯುತ್ತಾ ನಮ್ಮನ್ನೇ ನೋಡಿತು. ಸಾಲ ವಸೂಲಿಗೆ ಬಂದು ಜಗಲಿ ಮೇಲೆ ಕೂತವನ ಗತ್ತು.

ಸುಬ್ಬು ಬ್ಯಾಗಿನಿಂದ ಚಕ್ಕುಲಿ ತೆಗೆದ. ಕೋತಿ ಚಕ್ಕುಲಿ ತಗೊಂಡಿತು. ಕನ್ನಡಕ ಕೊಡಲಿಲ್ಲ.

ಗಿರಿ ಅಂದಾಜಿನ ಮೇಲೆ ಅದರತ್ತ ಕೈ ಹಾಕಲು ಹೋದ. ರಫೀಕ್ ಹಿಂದಿನಿಂದ ಅವನ ಸರೋಂಗ್ ಹಿಡಿದು ಎಳೆದ. ಇಲ್ಲಿ ತಮಾಷೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಹರಡೋದು ಹೆಚ್ಚಾಗಿ ನಾಯಿಗಳಿಂದ. ಆದರೂ ಕೋತಿ ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಬಗ್ಗೆ ಕೇಳಬೇಕು. ಎಷ್ಟೇ ಬೆಲೆಯ ಫೋನಾದರೂ ಸರಿ, ಕೋತಿ ಜೊತೆ ಜಗ್ಗಾಡಬಾರದು. ಅಲ್ಲಿನ ಕೆಲಸದವರನ್ನು ಕರೆಯಬೇಕು.

ನಾವು ಕರೆಯೋದರೊಳಗೇ ಒಬ್ಬ ಹಿರಿಯರು ಬಂದರು. ತಲೆಗೆ ಬಾಲಿಯವರು ಕಟ್ಟುವ ರುಮಾಲು, ಕೈಯಲ್ಲಿ ಚೀಲ. ಅವಸರ ಅನ್ನೋದೇ ಇಲ್ಲ. ಹಣ್ಣಿನ ಹೋಳಿದ್ದ ಪುಟ್ಟ ಪೊಟ್ಟಣ ಎಸೆದರು. ಕೋತಿ ಅದನ್ನು ನೋಡಿತು, ಮುಟ್ಟಲಿಲ್ಲ. ಇನ್ನೊಂದು ಎಸೆದರು. ಅದನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಿತು, ಕನ್ನಡಕ ಮಾತ್ರ ಬಾಯಲ್ಲೇ. ಸುತ್ತ ಜನ ಸೇರಿದರು. ಒಬ್ಬಾಕೆ ವಿಡಿಯೋ ಮಾಡತೊಡಗಿದಳು. ಗಿರಿ ನನ್ನ ತೋಳು ಹಿಡಿದು "ಏನಾಗ್ತಿದೆ ಮಗಾ, ಏನಾಗ್ತಿದೆ?" ಅಂತ ಕೇಳುತ್ತಲೇ ಇದ್ದ. "ರೇಟ್ ಕುದುರಿಲ್ಲ" ಅಂದೆ.

ಕೊನೆಗೆ ಹಿರಿಯರು ಚೀಲದಿಂದ ಒಂದು ಹಸಿ ಮೊಟ್ಟೆ ತೆಗೆದರು. ಕೋತಿಯ ಮುಖದಲ್ಲಿ ಬದಲಾವಣೆ ಆಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಎರಡೂ ಕೈ ಮುಂದಕ್ಕೆ ಬಂದವು, ಬಾಯಿ ತೆರೆಯಿತು, ಕನ್ನಡಕ ಕೆಳಗೆ ಬಿತ್ತು. ನಾವು ಹಿರಿಯರ ಕೈಗೆ 1 ಲಕ್ಷ ರುಪಿಯಾ ಇಟ್ಟೆವು. ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಅದು ಐನೂರು ಚಿಲ್ಲರೆ. ಅವರೇನೂ ಕೇಳಿರಲಿಲ್ಲ, ಕೊಟ್ಟಾಗ ಬೇಡ ಅನ್ನಲೂ ಇಲ್ಲ.

ಇದೇ ಹೊತ್ತಿಗೆ ಪಕ್ಕದಲ್ಲಿ ಒಂದು ಮರಿಕೋತಿ ಯಾರದೋ ಕೂದಲಿನ ಕ್ಲಿಪ್ ಹಿಡಿದು ಕೂತಿತ್ತು. ಅದರ ಕಡೆ ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತು ಕಾದು ತಾನೇ ಎಸೆದು ಹೋಯಿತು. ಅವತ್ತು ಅದನ್ನು ನೋಡಿ ನಕ್ಕಿದ್ದೆ. ಊರಿಗೆ ಬಂದಮೇಲೆ ಓದಿದಾಗ ಅದರ ಅರ್ಥ ಆಯಿತು.

ಈ ಕೋತಿಗಳ ಮೇಲೆ ವಿಜ್ಞಾನಿಗಳು ನಿಜಕ್ಕೂ ಸಂಶೋಧನೆ ಮಾಡಿದ್ದಾರೆ. ಇವು ಉದ್ದ ಬಾಲದ ಮಕಾಕ್ ಜಾತಿಯವು. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದವರು ಬಾಲಿಯ ಉದಯನ ವಿಶ್ವವಿದ್ಯಾಲಯದವರ ಜೊತೆ ಸೇರಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಯಾವ ವಸ್ತುವಿಗೆ ಮನುಷ್ಯ ಜಾಸ್ತಿ ಒದ್ದಾಡುತ್ತಾನೆ ಅಂತ ದೊಡ್ಡ ಕೋತಿಗಳಿಗೆ ಗೊತ್ತು. ಫೋನು, ಕನ್ನಡಕ ಕದ್ದರೆ ಅವು ಸುಲಭಕ್ಕೆ ಬಿಡೋದಿಲ್ಲ. ಒಳ್ಳೆ ತಿಂಡಿ ಬರೋವರೆಗೆ ಅಥವಾ ಜಾಸ್ತಿ ತಿಂಡಿ ಬರೋವರೆಗೆ ಕಾಯುತ್ತವೆ. ನಾಲ್ಕು ವರ್ಷದೊಳಗಿನ ಮರಿಗಳಿಗೆ ಈ ಬೆಲೆಯ ಅಂದಾಜು ಇರೋದಿಲ್ಲ, ಸಿಕ್ಕಿದ್ದು ಎತ್ತಿಕೊಳ್ಳುತ್ತವೆ. ಅದಕ್ಕಿಂತ ಮೊದಲು, 2017ರಲ್ಲಿ, ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಸಂಶೋಧಕರು ಉಲುವಾಟುವಿನ ಬೇರೆ ಬೇರೆ ಗುಂಪುಗಳನ್ನು ಹೋಲಿಸಿ ನೋಡಿದ್ದರು. ಪ್ರವಾಸಿಗಳ ನಡುವೆ ಜಾಸ್ತಿ ಹೊತ್ತು ಕಳೆಯುವ, ಗಂಡುಕೋತಿ ಜಾಸ್ತಿ ಇರುವ ಗುಂಪುಗಳಲ್ಲಿ ಈ ದಂಧೆ ಜೋರಂತೆ. ಒಂದನ್ನು ನೋಡಿ ಇನ್ನೊಂದು ಕಲಿಯುತ್ತೆ. ಹುಟ್ಟಿನಿಂದ ಬಂದ ಬುದ್ಧಿ ಅಲ್ಲ ಇದು.

ನನ್ನ ಅಭಿಪ್ರಾಯ ಕೇಳಿದರೆ, ಕೋತಿಗೆ ಈ ಪಾಠ ಹೇಳಿಕೊಟ್ಟವರು ನಾವೇ. ಕೂದಲಿನ ಕ್ಲಿಪ್ಪಿಗೆ ಯಾರೂ ಮೊಟ್ಟೆ ಕೊಡೋದಿಲ್ಲ. ಕನ್ನಡಕಕ್ಕೆ ಕೊಡುತ್ತೇವೆ. ಹಾಗಂತ ಕೊಡದೆ ಇರೋಕಾಗುತ್ತಾ? ಮೈನಸ್ ಆರು ಪವರಿನವನನ್ನು ಕೇಳಿ ನೋಡಿ.

ಸರಿ, ಕನ್ನಡಕದ ಕಥೆ. ಬಲಗಡೆ ಲೆನ್ಸ್ ಇರಲಿಲ್ಲ. ಅದು ಬಂಡೆಯಿಂದ ಕೆಳಗೆ ಹೋಯಿತೋ, ಗೋಡೆ ಸಂದಿಯಲ್ಲಿ ಸಿಕ್ಕಿಕೊಂಡಿತೋ ದೇವರೇ ಬಲ್ಲ. ಒಂದು ಕಡ್ಡಿ ಅಗಿದು ಅಗಿದು ನಾರು ನಾರಾಗಿತ್ತು. ಎಡಗಡೆ ಲೆನ್ಸ್ ಮೇಲೆ ಹಲ್ಲಿನ ಗೀರು. ಗಿರಿ ಅದನ್ನೇ ಕಣ್ಣಿಗೆ ಅಡ್ಡ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ತಲೆ ಸುತ್ತಿತು, ಜೇಬಿಗೆ ಹಾಕಿಕೊಂಡ.

ಸಂಜೆ ಅಲ್ಲೇ ಬಯಲು ರಂಗಮಂದಿರದಲ್ಲಿ ಕೆಚಕ್ ನೃತ್ಯ. ಟಿಕೆಟ್ ಆಗಲೇ ತಗೊಂಡಿದ್ದೆವು. ವಾಪಸ್ ಹೋಗೋಣವಾ ಅಂದರೆ ಗಿರಿ ಒಪ್ಪಲಿಲ್ಲ, ದುಡ್ಡು ಕೊಟ್ಟಾಗಿದೆ ಅಂದ. ಕೆಚಕ್‌ನಲ್ಲಿ ವಾದ್ಯ ಇರೋದಿಲ್ಲ. ಅಂಗಿ ಇಲ್ಲದ ಹತ್ತಾರು ಗಂಡಸರು, ಸೊಂಟಕ್ಕೆ ಕಪ್ಪು ಬಿಳಿ ಚೌಕುಳಿ ಬಟ್ಟೆ, ಸುತ್ತಾಗಿ ಕೂತು "ಚಕ್ ಚಕ್ ಚಕ್" ಅಂತ ಬಾಯಲ್ಲೇ ತಾಳ ಹಾಕುತ್ತಾರೆ. ಮೈಮೇಲೆ ದೇವರು ಬರಿಸುವ ಹಳೆಯ ಸಂಗ್ಯಾಂಗ್ ಆಚರಣೆಯ ಈ ಹಾಡಿಕೆಗೆ ರಾಮಾಯಣ ಜೋಡಿಸಿ, ಪ್ರವಾಸಿಗಳು ನೋಡುವಂಥ ಪ್ರದರ್ಶನವಾಗಿ ರೂಪ ಕೊಟ್ಟದ್ದು 1930ರ ದಶಕದಲ್ಲಿ. ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಮತ್ತು ಬಾಲಿಯ ನರ್ತಕ ವಯಾನ್ ಲಿಂಬಾಕ್ ಅವರ ಕೈ ಅದರಲ್ಲಿದೆ.

ಗಿರಿಗೆ ಕಂಡದ್ದು ಕಿತ್ತಳೆ ಬಣ್ಣದ ಆಕಾಶ, ಕೆಳಗೊಂದು ಕಂದು ರಾಶಿ. ನಾನು ಅವನ ಕಿವಿಯಲ್ಲಿ ಕಾಮೆಂಟರಿ ಶುರು ಮಾಡಿದೆ. ಸೀತೆ ಬಂದಳು, ಚಿನ್ನದ ಜಿಂಕೆ ಬಂತು, ಈಗ ರಾವಣ. ಮುಂದಿನ ಸಾಲಿನವರು ತಿರುಗಿ ನೋಡಿದರು. ಆದರೆ ಅವನೇ ಸ್ವಲ್ಪ ಹೊತ್ತಿಗೆ "ನೀನು ಸುಮ್ನಿರು, ಕೇಳ್ತಿದೀನಿ" ಅಂದ. ಕಣ್ಣು ಮುಚ್ಚಿ ಕೂತ. ನಾವು ಮೂವರು ಅರ್ಧ ಸಮಯ ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದೆವು. ಆ ದನಿಗಳು ಹೇಗೆ ಒಂದರ ಸಂದಿಯಲ್ಲಿ ಇನ್ನೊಂದು ಸೇರುತ್ತವೆ, ಎಲ್ಲಿ ಒಬ್ಬನೇ ಮೇಲೆ ಎತ್ತುತ್ತಾನೆ ಅನ್ನೋದನ್ನು ರಾತ್ರಿ ಕಾರಿನಲ್ಲಿ ಅವನು ವಿವರಿಸಿದಾಗ ನಮಗೆ ಏನೂ ನೆನಪಿರಲಿಲ್ಲ. ಹನುಮಂತ ಬಂದಾಗ ಮಾತ್ರ ಅವನು ಕಣ್ಣು ಬಿಟ್ಟ. ಉಲುವಾಟುವಿನ ಹನುಮಂತ ಪ್ರೇಕ್ಷಕರ ನಡುವೆ ಬಂದು ಕೀಟಲೆ ಮಾಡುತ್ತಾನೆ. ನಮ್ಮ ಸಾಲಿನ ಹತ್ತಿರ ಬಂದಾಗ ಗಿರಿ ತಡಬಡಿಸಿ ಎರಡೂ ಕೈಯಿಂದ ಜೇಬು ಮುಚ್ಚಿಕೊಂಡ.

ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಅವನು ಹೆಂಡತಿಗೆ ಫೋನ್ ಮಾಡಿದ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಐದೂವರೆ. ಸ್ಪೀಕರಿನಲ್ಲಿ ನಮಗೆಲ್ಲಾ ಕೇಳಿಸಿತು. "ಕೋತಿನಾ? ರಾತ್ರಿ ಎಷ್ಟು ಕುಡಿದ್ರಿ?" ಕೊನೆಗೆ ಬೀರು ಹುಡುಕಿ, ಕಣ್ಣಿನ ಡಾಕ್ಟರ ಚೀಟಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಬಾಲಿಯದೇ ಕುಟಾ ಊರಿನ ಕನ್ನಡಕದ ಅಂಗಡಿಯಲ್ಲಿ ಅಷ್ಟು ಪವರಿನ ಲೆನ್ಸ್ ತರಿಸಬೇಕು, ಕೆಲವು ದಿನ ಆಗುತ್ತೆ ಅಂದರು. ಆದರೆ ಕಾಂಟ್ಯಾಕ್ಟ್ ಲೆನ್ಸ್ ಅವತ್ತೇ ಇತ್ತು. ಗಿರಿ ಜನ್ಮದಲ್ಲಿ ಅದನ್ನು ಹಾಕಿದವನಲ್ಲ. ಅಂಗಡಿಯ ಹುಡುಗಿ ತೋರಿಸಿಕೊಟ್ಟಳು, ಅವನು ಕಣ್ಣು ಮಿಟುಕಿಸಿದ, ಲೆನ್ಸ್ ಕೆನ್ನೆಗೆ ಅಂಟಿತು. ಮತ್ತೆ ಹಾಕಿದ, ಮತ್ತೆ ಬಿತ್ತು. ನಾವು ಕಾದು ಸಾಕಾಗಿ ಪಕ್ಕದಲ್ಲಿ ಕಾಫಿ ಕುಡಿದು ಬಂದೆವು. ಬರುವಷ್ಟರಲ್ಲಿ ಎರಡೂ ಕೂತಿದ್ದವು. "ಸುಬ್ಬು, ನಿನ್ನ ತಲೆ ಇಷ್ಟು ಬಿಳಿಯಾಗಿದೆಯಾ?" ಅಂದ.

ಹೋಗುವವರಿಗೆ ಇಷ್ಟೇ: ಪವರ್ ಇದ್ದರೆ ಚೀಟಿಯ ಫೋಟೋ ಫೋನಿನಲ್ಲಿರಲಿ, ಹಳೆಯ ಕನ್ನಡಕ ಸೂಟ್‌ಕೇಸಿನಲ್ಲಿರಲಿ. ಉಲುವಾಟುವಿಗೆ ಹೋಗುವ ದಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳೋಕಾದರೆ ಇನ್ನೂ ಒಳ್ಳೇದು. ಅದೂ ಆಗದಿದ್ದರೆ ಹಿಂದಿನಿಂದ ಬಿಗಿಯುವ ಪಟ್ಟಿ ಸಿಗುತ್ತೆ, ಆದರೂ ಗೋಡೆಯಿಂದ ದೂರ ನಿಲ್ಲಿ.

ಇನ್ಶೂರೆನ್ಸ್ ವಿಷಯ ಹೇಳದಿದ್ದರೆ ಗಿರಿಗೆ ಸಮಾಧಾನ ಆಗೋದಿಲ್ಲ. ಊರಿಗೆ ಬಂದು ಅವನು ಕ್ಲೇಮ್ ಮಾಡಿದ. ಕಳ್ಳತನ ಅಂದರೆ ಪೊಲೀಸ್ ದೂರಿನ ಪ್ರತಿ ಬೇಕು ಅಂದರು. ಕಳ್ಳ ಕೋತಿ ಅಂದ. ಹಾಗಾದರೆ ಕಳ್ಳತನ ಅಲ್ಲ, ಹಾನಿ ಅಂದರು. ಸರಿ, ಹಾನಿ ಅಂತಲೇ ಬರೆದುಕೊಳ್ಳಿ ಅಂದ. ಆಗ ಪಾಲಿಸಿಯ ಹಿಂದಿನ ಪುಟ ಓದಿ ಹೇಳಿದರು: ಕನ್ನಡಕಕ್ಕೆ ಕವರ್ ಇಲ್ಲ.