‘ಅನಂತ’ ಎಂದವರನ್ನು ‘ಎಷ್ಟು ಸಲ?’ ಎಂದು ಕೇಳಬಹುದು

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ಎದುರಾಳಿ ಡಿಸೀವರ್ ಎಕ್ಸಾರ್ಕ್ ಎಂಬ ಜೀವಿಯ ಮೇಲೆ ಸ್ಪ್ಲಿಂಟರ್ ಟ್ವಿನ್ ಎಂಬ ಮಂತ್ರದ ಕಾರ್ಡ್ ಹಾಕಿ ‘ಇದು ಅನಂತ ಕಾಂಬೊ, ಆಟ ಮುಗಿಯಿತು’ ಎಂದರೆ ಕಾರ್ಡ್ ಮಡಚಿಡಲೇಬೇಕೇ, ನಡುವೆ ತಡೆಯಲು ಅವಕಾಶವಿಲ್ಲವೇ ಎಂದು ಕೇಳಿದ್ದೀರಿ. ಅವಕಾಶ ಖಂಡಿತ ಇದೆ.

ಮೊದಲು ಈ ಕಾಂಬೊ, ಅಂದರೆ ಕಾರ್ಡ್‌ಗಳ ಜೋಡಿ, ಸುತ್ತಾಗಿ ಹೇಗೆ ತಿರುಗುತ್ತದೆ ಎಂಬುದನ್ನು ಗಮನಿಸಿ. ಸ್ಪ್ಲಿಂಟರ್ ಟ್ವಿನ್ ಹೊತ್ತ ಎಕ್ಸಾರ್ಕ್ ಟ್ಯಾಪ್ ಆದರೆ (ಬಳಸಿದ ಗುರುತಾಗಿ ಅಡ್ಡ ತಿರುಗಿದರೆ; ಮತ್ತೆ ನೇರವಾಗುವುದು ಅನ್‌ಟ್ಯಾಪ್) ತನ್ನದೇ ನಕಲಿನ ಟೋಕನ್ (ಕಾರ್ಡ್ ಇಲ್ಲದೆ ಹುಟ್ಟುವ ಜೀವಿ) ಒಂದನ್ನು ಹುಟ್ಟಿಸುತ್ತದೆ; ಕಣಕ್ಕೆ ಬಂದ ಆ ಟೋಕನ್ ಎಕ್ಸಾರ್ಕ್‌ನ ಸಹಜ ಗುಣದಿಂದ ಮೂಲ ಎಕ್ಸಾರ್ಕ್ ಅನ್ನು ಅನ್‌ಟ್ಯಾಪ್ ಮಾಡುತ್ತದೆ. ಹೀಗೆ ಟ್ಯಾಪ್ ಮಾಡಿ ಕೊಟ್ಟ ಬೆಲೆ ಪೂರ್ತಿ ಕೈಗೆ ಮರಳಿ, ಪ್ರತಿ ಸಲ ಒಂದು ಟೋಕನ್ ಲಾಭವಾಗಿ ಉಳಿಯುತ್ತದೆ. ಟೋಕನ್‌ಗಳು ಬಂದ ಟರ್ನ್‌ನಲ್ಲೇ ದಾಳಿ ಮಾಡಬಲ್ಲವಾದ್ದರಿಂದ 20 ಜೀವಾಂಕ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಮಾಡರ್ನ್ ಎಂಬ ಸ್ಪರ್ಧಾ ಮಾದರಿಯಲ್ಲಿ 2016ರ ಜನವರಿಯಲ್ಲಿ ನಿಷೇಧಗೊಂಡಿದ್ದ ಸ್ಪ್ಲಿಂಟರ್ ಟ್ವಿನ್ 2024ರ ಡಿಸೆಂಬರ್‌ನಲ್ಲಿ ಮರಳಿ ಬಂದಿರುವುದರಿಂದ ಈ ಪ್ರಶ್ನೆ ಇನ್ನೂ ಹಲವರಿಗೆ ಎದುರಾಗಲಿದೆ.

ಆದರೆ ನಿಯಮದ ಪ್ರಕಾರ ‘ಅನಂತ’ ಎಂದು ಹೇಳಿ ಸುಮ್ಮನಾಗುವಂತಿಲ್ಲ. ಈ ಸುತ್ತು ಆಟಗಾರನ ಇಚ್ಛೆಯಿಂದ ನಡೆಯುವುದರಿಂದ, ಎಷ್ಟು ಸಲ ಎಂದು ಅವರು ಒಂದು ನಿಶ್ಚಿತ ಸಂಖ್ಯೆ ಹೇಳಲೇಬೇಕು. ಅದು ಹತ್ತು ಲಕ್ಷವಾದರೂ ಸರಿ. ನೀವು ಅದನ್ನು ಒಪ್ಪಬಹುದು, ಇಲ್ಲವೇ ‘ಮೊದಲ ಸುತ್ತಿನಲ್ಲೇ ನಾನು ಪ್ರತಿಕ್ರಿಯಿಸುತ್ತೇನೆ’ ಎಂದು ತಡೆಯಬಹುದು. ಹೇಳಿದ ಸಂಖ್ಯೆಗೆ ಬೆಲೆಯಿದೆ: ಹತ್ತು ಲಕ್ಷ ಟೋಕನ್‌ಗಳು ದಾಳಿಗಿಳಿದ ಮೇಲೆ ನೀವು ನಿಮ್ಮದೊಂದು ಕಾಂಬೊದಿಂದ ಇಪ್ಪತ್ತು ಲಕ್ಷ ಜೀವಾಂಕ ಗಳಿಸಿದರೆ ಆ ದಾಳಿಯಲ್ಲಿ ಬದುಕುಳಿಯುತ್ತೀರಿ, ಟರ್ನ್ ಮುಗಿಯುವಾಗ ಟೋಕನ್‌ಗಳೆಲ್ಲ ಆಟದಿಂದ ಹೊರಹೋಗುತ್ತವೆ.

ತಡೆಯಲು ಅತ್ಯುತ್ತಮ ಗಳಿಗೆ, ನನ್ನ ಮಟ್ಟಿಗೆ, ಸ್ಪ್ಲಿಂಟರ್ ಟ್ವಿನ್ ಇನ್ನೂ ಸ್ಟ್ಯಾಕ್‌ನಲ್ಲಿರುವಾಗಲೇ, ಅಂದರೆ ಆಡಿದ ಕಾರ್ಡ್ ಫಲ ಕೊಡುವ ಮುನ್ನ ಸರತಿಯಲ್ಲಿ ಕಾಯುತ್ತಿರುವಾಗಲೇ. ಆಗ ಪಾತ್ ಟು ಎಕ್ಸೈಲ್‌ನಂಥ ಕಾರ್ಡ್‌ನಿಂದ ಎಕ್ಸಾರ್ಕ್ ಅನ್ನು ತೆಗೆದರೆ ಗುರಿ ಕಳೆದುಕೊಂಡ ಟ್ವಿನ್ ಕೂಡ ವ್ಯರ್ಥವಾಗಿ, ನಿಮ್ಮ ಒಂದು ಕಾರ್ಡ್‌ಗೆ ಅವರ ಎರಡು ಹೋಗುತ್ತವೆ. ಆ ಗಳಿಗೆ ತಪ್ಪಿದರೆ, ಟೋಕನ್‌ನ ಅನ್‌ಟ್ಯಾಪ್ ಪರಿಣಾಮ ಸ್ಟ್ಯಾಕ್‌ನಲ್ಲಿರುವಾಗ ಮೂಲ ಎಕ್ಸಾರ್ಕ್ ಅನ್ನು ತೆಗೆಯಿರಿ. ನಕಲಿಗೆ ಟ್ವಿನ್‌ನ ಶಕ್ತಿ ಬರುವುದಿಲ್ಲವಾದ್ದರಿಂದ ಸುತ್ತು ಅಲ್ಲಿಗೇ ನಿಲ್ಲುತ್ತದೆ. ಲೈಟ್ನಿಂಗ್ ಬೋಲ್ಟ್ ಒಂದನ್ನೇ ನಂಬಬೇಡಿ. ಅದರ ಪೆಟ್ಟು 3, ಎಕ್ಸಾರ್ಕ್‌ನ ತಾಳಿಕೆ 4. ಇದೇ ಕಾಂಬೊಗೆ ಬಳಸಬಹುದಾದ ಪೆಸ್ಟರ್ಮೈಟ್ ಎಂಬ ಜೀವಿಗಿಂತ ಎಕ್ಸಾರ್ಕ್ ಅನ್ನೇ ಹಲವರು ಮೆಚ್ಚಿದ್ದು ಬೋಲ್ಟ್ ತಾಳುವ ಈ ತಾಳಿಕೆಯ ಕಾರಣಕ್ಕೆ.

ಎಲ್ಲ ಸುತ್ತುಗಳೂ ಹೀಗೆ ಇಚ್ಛೆಯವಲ್ಲ. ನಿಮ್ಮ ಜೀವಾಂಕ ಏರಿದಾಗ ಎದುರಾಳಿಯದನ್ನು ಇಳಿಸುವ ಸ್ಯಾಂಗ್ವಿನ್ ಬಾಂಡ್ ಮತ್ತು ಎದುರಾಳಿಯದು ಇಳಿದಾಗ ನಿಮ್ಮದನ್ನು ಏರಿಸುವ ಎಕ್ಸ್‌ಕ್ವಿಸಿಟ್ ಬ್ಲಡ್ ಜೊತೆಗಿದ್ದರೆ, ಒಮ್ಮೆ ಕಿಡಿ ಹತ್ತಿದ ಮೇಲೆ ಎದುರಾಳಿ ಸೋಲುವವರೆಗೆ ತಾವಾಗಿಯೇ ನಡೆಯುತ್ತವೆ. ಅಲ್ಲಿ ಸಂಖ್ಯೆ ಕೇಳುವ ಪ್ರಶ್ನೆಯೇ ಇಲ್ಲ. ಕಣಕ್ಕೆ ಬಂದಾಗ ಬೇರೊಂದು ಕಾರ್ಡ್ ಅನ್ನು ಹೊರದಬ್ಬುವ, ತಾನು ಹೋದಾಗ ಅದನ್ನು ಮರಳಿಸುವ ಒಬ್ಲಿವಿಯನ್ ರಿಂಗ್ ಮೂರಿದ್ದು, ಬೇರೆ ಗುರಿಯಿಲ್ಲದೆ ಅವು ಒಂದನ್ನೊಂದು ಹೊರದಬ್ಬುತ್ತಾ ಹೋದರೆ, ಯಾರೂ ನಿಲ್ಲಿಸಲಾಗದ ಆ ಸುತ್ತಿನಿಂದ ಆಟ ಡ್ರಾ ಆಗುತ್ತದೆ.