ರೈಫಲ್‌ನಲ್ಲಿ ಖಾಲಿ ಕೇಸ್ ಯಾಕೆ ಸಿಕ್ಕಿಕೊಳ್ಳುತ್ತದೆ?

ನಿಮ್ಮ .22 ಸೆಮಿ-ಆಟೋಮ್ಯಾಟಿಕ್ ರೈಫಲ್‌ನ ಖಾಲಿ ಕೇಸ್ (ಗುಂಡು ಹೋದ ಮೇಲೆ ಉಳಿಯುವ ತೋಟಾದ ಕೊಳವೆ) ಹೊರಗೆ ಹಾರದೆ ಬೋಲ್ಟ್‌ಗೆ (ಹಿಂದೆ-ಮುಂದೆ ಸರಿಯುವ ಭಾಗ) ಸಿಕ್ಕಿಕೊಳ್ಳುತ್ತದೆ ಅಂದಿರಲ್ವಾ, ಮೊದಲು ಬ್ಯಾರೆಲ್ ಸುರಕ್ಷಿತ ದಿಕ್ಕಿಗೆ ಹಿಡಿದು ಮ್ಯಾಗಜೀನ್ ತೆಗೆಯಿರಿ, ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಜಾಸ್ತಿ ಸಲ ಕಾರಣ ಕೊಳೆ. ಇಂಥ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ತೋಟಾದ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಆ ಬಲ ಕಡಿಮೆ. ಕಲಬುರಗಿಯ ಎರೆಮಣ್ಣಿನ ಧೂಳು, ಮದ್ದಿನ ಮಸಿ, ಸುಮ್ನೆ ಸುರಿದ ಎಣ್ಣೆ ಸೇರಿ ಕರಿ ಅಂಟಾದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಚೇಂಬರನ್ನು ಬ್ರಷ್‌ನಿಂದ ಉಜ್ಜಿ. ಎಣ್ಣೆ ಒಂದೆರಡು ಹನಿ ಸಾಕು. ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಕೆಳಗೆ ಸಾಸಿವೆಯಷ್ಟು ಮಸಿ ಕೂತರೂ ಅದು ಕೇಸಿನ ಅಂಚನ್ನು ಸರಿಯಾಗಿ ಹಿಡಿಯುವುದಿಲ್ಲ.

ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನ ಹೋಗುವ, ಕಡಿಮೆ ಬಲದ) ತೋಟಾ ಬಳಸುತ್ತಿದ್ದರೆ, ಕೈಪಿಡಿಯಲ್ಲಿ ಹೇಳಿದ ಹೈ-ವೆಲಾಸಿಟಿ ತೋಟಾ ಹಾಕಿ ನೋಡಿ. ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಮಾತ್ರ ನೀವೇ ಕತ್ತರಿಸಬೇಡಿ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.